ಗಿರಣಿಗೆ ಬಂದ ಭಾನುವಾರ

1880ರ ದಶಕದ ಮುಂಬಯಿಯಲ್ಲಿ ಹತ್ತಿ ಗಿರಣಿಯ ದಿನವನ್ನು ಅಳೆಯುತ್ತಿದ್ದುದು ಸೂರ್ಯ. ಬೆಳಕು ಹರಿದಾಗ ಶುರುವಾದ ಮಗ್ಗ ಕತ್ತಲಾದಾಗ ನಿಲ್ಲುತ್ತಿತ್ತು. ಹೀಗಾಗಿ ಬೇಸಿಗೆ ಬಂದರೆ ದುಡಿಮೆ ಹೆಚ್ಚು. ವಾರದ ರಜೆ ಎಂಬುದು ಕೂಲಿಯವರ ಹಕ್ಕಾಗಿರಲಿಲ್ಲ.

ಜ್ಯೋತಿರಾವ್ ಫುಲೆಯವರ ಒಡನಾಡಿ, 'ದೀನಬಂಧು' ಪತ್ರಿಕೆಯ ಸಂಪಾದಕ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಕಾರ್ಮಿಕರನ್ನು ಒಟ್ಟುಗೂಡಿಸಿದರು. ಸುಮಾರು 5,500 ಮಂದಿ ಒಪ್ಪಿದ ಮನವಿಯಲ್ಲಿ ಕೇಳಿದ್ದು ಬಹಳ ದೊಡ್ಡದೇನಲ್ಲ: ಭಾನುವಾರ ಬಿಡುವು, ಮಧ್ಯಾಹ್ನ ಅರ್ಧ ಗಂಟೆ ವಿರಾಮ, ಸಂಬಳ ಹೊತ್ತಿಗೆ ಸರಿಯಾಗಿ. ಇಷ್ಟಕ್ಕೇ ಆರು ವರ್ಷ ಹೋರಾಡಬೇಕಾಯಿತು!

ಭಾನುವಾರವೇ ಏಕೆ? ಅದು ಸಾಹೇಬರ ಚರ್ಚಿನ ದಿನ ಮಾತ್ರವಲ್ಲ, ಖಂಡೋಬನ ವಾರವೂ ಹೌದು. ಮರಾಠಿ ಕೂಲಿಗಳ ಆ ಮನೆದೇವರನ್ನೇ ಕನ್ನಡಿಗರು ಮೈಲಾರಲಿಂಗ ಎಂದು ಪೂಜಿಸುತ್ತಾರೆ.

1890ರ ಏಪ್ರಿಲ್‌ನಲ್ಲಿ ಮುಂಬಯಿಯ ಮಹಾಲಕ್ಷ್ಮಿ ಬಯಲಿನಲ್ಲಿ ಸುಮಾರು ಹತ್ತು ಸಾವಿರ ಜನ ಸೇರಿದರು. ಅಲ್ಲಿ ಇಬ್ಬರು ಹೆಣ್ಣಾಳುಗಳೂ ಎದ್ದು ನಿಂತು ಮಾತನಾಡಿದರು. ಗಿರಣಿ ಬಿಟ್ಟ ಮೇಲೂ ಒಲೆ, ನೀರು, ಮಕ್ಕಳು ಎಂದು ಎರಡನೇ ಪಾಳಿ ಕಾದಿರುತ್ತಿದ್ದ ಆ ಹೆಂಗಸರ ದನಿಗೆ ಚರಿತ್ರೆ ಇನ್ನಷ್ಟು ಜಾಗ ಕೊಡಬೇಕಿತ್ತು.

ಜೂನ್ 10ರಂದು ಗಿರಣಿ ಮಾಲೀಕರ ಸಂಘ ಭಾನುವಾರದ ರಜೆಗೆ ಒಪ್ಪಿತು. 1891ರ ಕಾರ್ಖಾನೆ ಕಾಯ್ದೆ ವಾರದ ರಜೆಯನ್ನು ಶಾಸನವಾಗಿಸಿ, ಹೆಂಗಸರ ದುಡಿಮೆಯನ್ನು ದಿನಕ್ಕೆ 11 ಗಂಟೆಗೆ ಮಿತಿಗೊಳಿಸಿತು. ಗಂಡಾಳುಗಳ ದಿನಕ್ಕೆ ಮಾತ್ರ ಮಿತಿಯಿರಲಿಲ್ಲ. ಮುಂದೆ ವಿದ್ಯುದ್ದೀಪ ಬಂದು ರಾತ್ರಿಯನ್ನೂ ನುಂಗಿತು. ಅವರಿಗೆ 12 ಗಂಟೆಯ ಮಿತಿ ಸಿಕ್ಕಿದ್ದು 1911ರ ಕಾಯ್ದೆಯಲ್ಲಿ.