ಫ್ಯಾನ್ ಫಿಕ್ಷನ್

ಜನಪ್ರಿಯ ಕಾದಂಬರಿ, ಸಿನಿಮಾ ಅಥವಾ ಧಾರಾವಾಹಿಯ ಪಾತ್ರಗಳನ್ನು ಇಟ್ಟುಕೊಂಡು ಅಭಿಮಾನಿಗಳು ಬಹುಮಟ್ಟಿಗೆ ಸಂಭಾವನೆಯ ಆಸೆಯಿಲ್ಲದೆ ಬರೆಯುವ ಹೊಸ ಕಥೆ. ಇದರ ಆಧುನಿಕ ರೂಪ ಬೆಳೆದದ್ದು ಅಮೆರಿಕದ ‘ಸ್ಟಾರ್ ಟ್ರೆಕ್’ (1966–69) ಟಿ.ವಿ. ಧಾರಾವಾಹಿಯ ಸುತ್ತ. 1967ರಲ್ಲಿ ಅದರ ಅಭಿಮಾನಿಗಳ ಪತ್ರಿಕೆ ‘ಸ್ಪಾಕನೇಲಿಯಾ’ ಹೊರಬಂತು. ಇಂಥ ಪತ್ರಿಕೆಗಳಿಗೆ ಬರೆದವರಲ್ಲಿ ಹೆಂಗಸರೇ ಹೆಚ್ಚು.

ಈ ಬರವಣಿಗೆಯ ಸುಖವಿರುವುದು ಮುಖ್ಯವಾಗಿ ಮೂಲಕಥೆ ಹೇಳದೆ ಬಿಟ್ಟ ಜಾಗಗಳಲ್ಲಿ. ‘ಸ್ಟಾರ್ ಟ್ರೆಕ್’ನ ಸ್ಪಾಕ್ ಭಾವನೆಗಳನ್ನು ಅದುಮಿಟ್ಟುಕೊಂಡ ಪಾತ್ರ; ಧಾರಾವಾಹಿ ಅವನ ಮನಸ್ಸನ್ನು ತೆರೆದು ತೋರಿಸಿದ್ದು ಅಪರೂಪ. ಅವನೊಳಗೆ ಏನು ನಡೆಯುತ್ತಿದೆಯೆಂಬ ಊಹೆಯಿಂದಲೇ ಎಷ್ಟೋ ಕಥೆಗಳು ಹುಟ್ಟಿದವು. ಓದುಗರಿಗೆ ಪಾತ್ರಗಳು ಮೊದಲೇ ಗೊತ್ತಿರುವುದರಿಂದ ಹೊಸ ಬರಹಗಾರರು ಪರಿಚಯದ ಪುಟಗಳನ್ನು ಬಿಟ್ಟು ನೇರವಾಗಿ ಸಂಬಂಧಗಳ ಒಳಕ್ಕಿಳಿಯಬಹುದು. ಅದೇ ಕಥೆಯನ್ನು ಪ್ರೀತಿಸುವವರು ಓದಿ ಮೆಚ್ಚುತ್ತಾರೆ, ತಿದ್ದುತ್ತಾರೆ. ಒಂಟಿಯಾಗಿ ಬರೆಯುವವರಿಗೆ ಇದು ದೊಡ್ಡ ಬಲ.

ತಾನೇ ಕಥೆಯೊಳಗೆ ಸೇರಿಬಿಡುವ ಆಸೆಯೂ ಉಂಟು. 1973ರಲ್ಲಿ ‘ಸ್ಟಾರ್ ಟ್ರೆಕ್’ ಅಭಿಮಾನಿ ಪಾಲಾ ಸ್ಮಿತ್ ‘ಮೇರಿ ಸೂ’ ಎಂಬ ಸರ್ವಗುಣಸಂಪನ್ನ ಹುಡುಗಿಯನ್ನು ಸೃಷ್ಟಿಸಿ ಆ ಆಸೆಯನ್ನು ಅಣಕಿಸಿದರು. ಆ ಅಣಕ ತುಸು ಕಠಿಣವೇ. ಹದಿಹರೆಯದ ಎಷ್ಟೋ ಮಂದಿ ಬರೆಯಲು ಕಲಿಯುವುದು ಇಂಥ ಆಸೆಯಿಂದಲೇ. ಇಂಥ ಬರಹಕ್ಕೆ ಮನ್ನಣೆಯೂ ಸಿಕ್ಕಿದೆ: 2019ರಲ್ಲಿ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಅಭಿಮಾನಿ ಕಥೆಗಳ ಸಂಗ್ರಹಕ್ಕೆ ವೈಜ್ಞಾನಿಕ ಕಥಾಸಾಹಿತ್ಯದ ಹ್ಯೂಗೊ ಪ್ರಶಸ್ತಿ ಬಂತು.