ಸೀಮಾಸ್ ಮತ್ತು ಇತರ ಐಸಿ ತಂತ್ರಜ್ಞಾನಗಳು: ಆಯ್ಕೆಯ ನೆಲೆಗಳು

ಡಿಜಿಟಲ್ ಸರ್ಕಿಟ್ ಒಂದನ್ನು ಯಾವ ಬಗೆಯ ಐಸಿಗಳಿಂದ ಕಟ್ಟಬೇಕೆಂದು ಕೇಳಿದರೆ ಇಂದು ಬಹುಪಾಲು ಬರುವ ಉತ್ತರ ಸೀಮಾಸ್. 1960ರ ದಶಕದ ಕೊನೆಯಲ್ಲಿ ಸ್ಥಿತಿ ಬೇರೆಯಿತ್ತು. ಸಾಮಾನ್ಯ ಕೆಲಸಕ್ಕೆ ಟಿಟಿಎಲ್, ಅತಿವೇಗಕ್ಕೆ ಇಸಿಎಲ್, ಒತ್ತೊತ್ತಾಗಿ ತುಂಬಲು ಪಿಮಾಸ್ ಇದ್ದವು. ಅದರ ಬೆನ್ನಿಗೇ ಎನ್‌ಮಾಸ್ ಬಂತು. ಸೀಮಾಸ್ ನಿಧಾನಿ ಎಂದೇ ಹೆಸರಾಗಿತ್ತು. ಹಾಗಿದ್ದೂ ಅದು ಗೆದ್ದದ್ದು ಸುಮ್ಮನಿರುವಾಗ ವಿದ್ಯುತ್ತನ್ನು ತಿನ್ನದ ಗುಣದಿಂದ.

ಸೀಮಾಸ್ ಗೇಟ್‌ನಲ್ಲಿ ಟ್ರಾನ್ಸಿಸ್ಟರ್‌ಗಳು ಜೋಡಿಯಾಗಿ ಕೆಲಸ ಮಾಡುತ್ತವೆ. ಪಿ-ಬಗೆಯದು ಔಟ್‌ಪುಟನ್ನು ಧನ ವೋಲ್ಟೇಜಿನತ್ತ, ಎನ್-ಬಗೆಯದು ಭೂಮಿಯತ್ತ ಎಳೆಯುತ್ತದೆ. ಒಂದು ತೆರೆದಿದ್ದರೆ ಇನ್ನೊಂದು ಮುಚ್ಚಿರುವುದರಿಂದ ಕರೆಂಟಿಗೆ ನೇರ ದಾರಿಯೇ ಇಲ್ಲ. ಖರ್ಚಾಗುವುದು ಮುಖ್ಯವಾಗಿ ಸ್ಥಿತಿ ಬದಲಾಗುವಾಗ. ಅದು ಧಾರಕತೆ, ವೋಲ್ಟೇಜಿನ ವರ್ಗ ಮತ್ತು ಆವರ್ತನಗಳ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ. ಫೇರ್‌ಚೈಲ್ಡ್ ಕಂಪನಿಯ ಫ್ರಾಂಕ್ ವಾನ್ಲಾಸ್ ಮತ್ತು ಸಿ. ಟಿ. ಸಾ 1963ರಲ್ಲಿ ಈ ರಚನೆಯನ್ನು ಮಂಡಿಸಿದರು. 1967ರಲ್ಲಿ ವಾನ್ಲಾಸ್‌ಗೆ ಪೇಟೆಂಟ್ ದೊರೆಯಿತು.

ಆರ್‌ಸಿಎ 1968ರಲ್ಲಿ ತಂದ 4000 ಸರಣಿ ಇದರ ಮೊದಲ ಜನಪ್ರಿಯ ರೂಪ. ಆಗಿನ 7400 ಸರಣಿಯ ಟಿಟಿಎಲ್ ಗೇಟ್ ಸುಮಾರು 10 ನ್ಯಾನೋಸೆಕೆಂಡಿನಲ್ಲಿ ಉತ್ತರ ಕೊಡುತ್ತಿತ್ತು, ಕೆಲಸವಿರಲಿ ಬಿಡಲಿ ಸುಮಾರು 10 ಮಿಲಿವಾಟ್ ಬೇಡುತ್ತಿತ್ತು. 5 ವೋಲ್ಟಿನಲ್ಲಿ 4000 ಸರಣಿಯ ಗೇಟ್‌ಗೆ ಅದರ ಹತ್ತು ಪಟ್ಟಿನ ಆಸುಪಾಸು ಸಮಯ ಬೇಕಿತ್ತು. ಆದರೆ ಕೈಗಡಿಯಾರಕ್ಕೆ ಬಟನ್ ಸೆಲ್ ತಿಂಗಳುಗಟ್ಟಲೆ ಬರಬೇಕಿದ್ದರೆ ವೇಗದ ಮಾತೇ ಏಳದು. ಕಣ್ಣು ತೆರೆಸುವ ಹೋಲಿಕೆ ಬಂದದ್ದು 1978ರಲ್ಲಿ. ಹಿಟಾಚಿಯ ಸೀಮಾಸ್ ಸ್ಮೃತಿ ಚಿಪ್ ಎಚ್‌ಎಂ6147, ಇಂಟೆಲ್‌ನ ಎನ್‌ಮಾಸ್ ಬಗೆಯ 2147ರ ವೇಗವನ್ನು ಸರಿಗಟ್ಟಿತು; ಇಂಟೆಲ್ ಚಿಪ್ 110 ಮಿಲಿಆಂಪಿಯರ್ ಎಳೆದರೆ ಹಿಟಾಚಿಯದಕ್ಕೆ 15 ಸಾಕಾಯಿತು. ಅಲ್ಲಿಂದಾಚೆಗೆ ಎನ್‌ಮಾಸ್ ಎದುರು ಸೀಮಾಸನ್ನು ನಿಧಾನಿ ಎನ್ನಲು ಆಧಾರ ಉಳಿಯಲಿಲ್ಲ.

ಇಸಿಎಲ್ ಕತೆ ಇದರ ಇನ್ನೊಂದು ಮುಖ. ಅದರ ಟ್ರಾನ್ಸಿಸ್ಟರ್‌ಗಳು ಎಂದೂ ಸಂತೃಪ್ತ ಸ್ಥಿತಿಗೆ ಹೋಗದ ಕಾರಣ ಬದಲಾವಣೆ ಥಟ್ಟನೆ ಆಗುತ್ತದೆ. ಬೆಲೆಯಾಗಿ ಕರೆಂಟ್ ನಿರಂತರ ಹರಿಯುತ್ತಿರುತ್ತದೆ. 1976ರ ಕ್ರೇ-1 ಸೂಪರ್‌ಕಂಪ್ಯೂಟರ್ 80 ಮೆಗಾಹರ್ಟ್ಸ್‌ನಲ್ಲಿ ಓಡಲು ಸುಮಾರು 115 ಕಿಲೋವಾಟ್ ಬೇಕಿತ್ತು, ತಂಪಿಗೆ ಫ್ರಿಯಾನ್ ಹರಿಸಬೇಕಿತ್ತು. ಈ ಶಾಖವೇ ಚಿಪ್ಪೊಳಗೆ ಗೇಟ್‌ಗಳ ಸಂಖ್ಯೆಗೆ ಮಿತಿ ಹಾಕಿತು. ಬಿಡಿ ಗೇಟಿನ ಓಟದಲ್ಲಿ ಸೋಲುತ್ತಿದ್ದ ಸೀಮಾಸ್‌ನಲ್ಲಿ ಇಡೀ ಪ್ರೊಸೆಸರನ್ನೇ ಒಂದು ಚಿಪ್ಪಿನಲ್ಲಿ ಕೂರಿಸಬಹುದಾಯಿತು. ತಂತಿ ಗಿಡ್ಡವಾದಷ್ಟೂ ಒಟ್ಟು ವೇಗ ಏರಿತು. ಐಬಿಎಂನ ಮೊದಲ ಸೀಮಾಸ್ ಮೇನ್‌ಫ್ರೇಮ್‌ಗಳು 1994ರಲ್ಲಿ ಬಂದಾಗ ಅದೇ ಕಂಪನಿಯ, ಇಸಿಎಲ್‌ನಂಥ ಬೈಪೋಲಾರ್ ಯಂತ್ರಗಳಿಗಿಂತ ಹಿಂದಿದ್ದವು. 1998ರ ಜಿ5 ಅವನ್ನು ಮೀರಿಸಿತು.

ಬಿಡಿ ಐಸಿಗಳನ್ನು ಆಯ್ದುಕೊಳ್ಳುವವರಿಗೆ ನಿಜವಾದ ತೊಡಕು ಎದುರಾಗುವುದು ಬೆರಕೆಯಲ್ಲಿ. ಪ್ರಯೋಗಾಲಯದ ಬ್ರೆಡ್‌ಬೋರ್ಡಿನ ಮೇಲೆ ಟಿಟಿಎಲ್ ಬಗೆಯ 74ಎಲ್‌ಎಸ್ ಗೇಟಿನ ಔಟ್‌ಪುಟನ್ನು ಸೀಮಾಸ್ ಬಗೆಯ 74ಎಚ್‌ಸಿ ಗೇಟಿಗೆ ನೇರವಾಗಿ ಜೋಡಿಸಿದರೆ ಹಲವು ಸಲ ಕೆಲಸ ನಡೆದುಬಿಡುತ್ತದೆ. ಆದರೆ ಎಲ್‌ಎಸ್ ಖಾತರಿ ಕೊಡುವ ‘ಒಂದು’ 2.7 ವೋಲ್ಟ್, 5 ವೋಲ್ಟಿನ ಎಚ್‌ಸಿ ಬಯಸುವುದು ಸುಮಾರು 3.5. ಇಂಥಲ್ಲಿ ಟಿಟಿಎಲ್ ಮಟ್ಟಗಳನ್ನು ಒಪ್ಪುವ 74ಎಚ್‌ಸಿಟಿ ಬಳಸಬೇಕು, ಇಲ್ಲವೇ ಪುಲ್-ಅಪ್ ರೋಧಕ ಹಾಕಬೇಕು. ಬಳಸದ ಸೀಮಾಸ್ ಇನ್‌ಪುಟನ್ನು ತೇಲಲು ಬಿಡಲೇಬಾರದು: ಅದು ನಡುವಿನ ವೋಲ್ಟೇಜಿಗೆ ಬಂದರೆ ಜೋಡಿಯ ಎರಡೂ ಟ್ರಾನ್ಸಿಸ್ಟರ್‌ಗಳು ಅರೆ ತೆರೆದು ಚಿಪ್ ಬಿಸಿಯಾಗುತ್ತದೆ. ಉಳಿತಾಯದ ಲೆಕ್ಕವನ್ನೂ ಆವರ್ತನ ನೋಡಿಯೇ ಹಾಕಬೇಕು. ಹತ್ತಾರು ಮೆಗಾಹರ್ಟ್ಸ್‌ನಲ್ಲಿ ಎಡೆಬಿಡದೆ ಬದಲಾಗುವ ಗೇಟ್‌ನಲ್ಲಿ ಎಲ್‌ಎಸ್ ಎದುರು ಎಚ್‌ಸಿಯ ಲಾಭ ಕರಗಿಹೋಗುತ್ತದೆ.

ಟ್ರಾನ್ಸಿಸ್ಟರ್ ಕುಗ್ಗಿದಂತೆ ಸೀಮಾಸ್‌ನ ಮೂಲ ಗುಣವೇ ಸವೆಯಿತು: ಮುಚ್ಚಿದ ಟ್ರಾನ್ಸಿಸ್ಟರಿನಿಂದಲೂ ಕರೆಂಟ್ ಸೋರತೊಡಗಿತು. ಇಂಟೆಲ್ 2011ರಲ್ಲಿ ಪ್ರಕಟಿಸಿದ 22 ನ್ಯಾನೋಮೀಟರ್ ಪ್ರಕ್ರಿಯೆ, ಗೇಟನ್ನು ವಾಹಿನಿಯ ಮೂರು ಕಡೆಗೂ ಹೊದಿಸಿ ಈ ಸೋರಿಕೆಯನ್ನು ಹಿಡಿದಿಟ್ಟಿತು.

ಸಿಲಿಕಾನ್ ಬಿಟ್ಟು ಬೇರೆ ವಸ್ತುವಿನತ್ತ ಹೊರಳಿದರೆ, ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ಎಲೆಕ್ಟ್ರಾನ್‌ಗಳು ಸಿಲಿಕಾನ್‌ಗಿಂತ ಬಹಳ ಚುರುಕು. ಪಿ-ಬಗೆಯಲ್ಲಿ ಕರೆಂಟ್ ಹೊರುವ ರಂಧ್ರಗಳು ಮಾತ್ರ ಮಂದ. ಸಿಲಿಕಾನ್ ಆಕ್ಸೈಡಿನಂಥ ಒಳ್ಳೆಯ ಸಹಜ ನಿರೋಧಕ ಪದರವೂ ಅದಕ್ಕಿಲ್ಲ. ಹೀಗಾಗಿ ಸಮತೂಕದ ಜೋಡಿ ಕಟ್ಟುವುದು ಕಷ್ಟವಾಗಿ ಅದು ಪ್ರೊಸೆಸರ್‌ಗಳ ಲೋಕವನ್ನು ಗೆಲ್ಲಲಿಲ್ಲ. ಆದರೂ ಮೊಬೈಲ್ ಫೋನಿನ ಆಂಟೆನಾಕ್ಕೆ ಶಕ್ತಿ ತುಂಬುವ ಆಂಪ್ಲಿಫೈಯರ್‌ಗಳಲ್ಲಿ ಅದೇ ಗ್ಯಾಲಿಯಂ ಆರ್ಸೆನೈಡ್, ಸೀಮಾಸ್ ಪ್ರೊಸೆಸರಿರುವ ಬೋರ್ಡಿನ ಮೇಲೆಯೇ, ಈಗಲೂ ವ್ಯಾಪಕವಾಗಿ ಬಳಕೆಯಲ್ಲಿದೆ.