ನರ್ಸ್ ಪ್ರಾಕ್ಟೀಷನರ್: ನಡೆದು ಬಂದ ದಾರಿ

ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ ಹೆಣ್ಣುಮಗಳೊಬ್ಬಳು ಮುಂದೆ ಓದಲು ಬಯಸಿದರೆ ನಮ್ಮಲ್ಲಿ ಎಂ.ಎಸ್ಸಿ. ಸೇರುತ್ತಾಳೆ. ಅದು ಮುಗಿದ ಮೇಲೆ ಹೆಚ್ಚಿನವರು ಹೋಗುವುದು ಆಸ್ಪತ್ರೆಯ ವಾರ್ಡಿಗಲ್ಲ, ನರ್ಸಿಂಗ್ ಕಾಲೇಜಿನ ತರಗತಿಗೆ. ಓದು ಹೆಚ್ಚಿದಂತೆ ದಾದಿ ರೋಗಿಯ ಮಂಚದಿಂದ ದೂರವಾಗುತ್ತಾಳೆ. ಇದು ವಿಚಿತ್ರವೆಂದು ನಿಮಗೆ ಎಂದಾದರೂ ಅನಿಸಿದೆಯೇ? ಹೆಚ್ಚು ಓದಿದ ದಾದಿಯನ್ನು ರೋಗಿಯ ಬಳಿಯಲ್ಲೇ ಉಳಿಸಿಕೊಳ್ಳುವ ಒಂದು ಶಿಕ್ಷಣಕ್ರಮ ಅಮೆರಿಕದಲ್ಲಿ ಅರುವತ್ತು ವರ್ಷಗಳ ಹಿಂದೆ ಹುಟ್ಟಿತು. ಅದರ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿನಿಯರು ಮಾತ್ರವಲ್ಲ, ಅವರ ತಂದೆತಾಯಿಯರೂ ತಿಳಿದಿರಬೇಕು.

ಶುಶ್ರೂಷೆಯ ಕೆಲಸ ನಮ್ಮ ಪರಂಪರೆಗೆ ಹೊರಗಿನದಲ್ಲ. ಖಂದಕ್ ಯುದ್ಧದಲ್ಲಿ ಬಾಣ ತಗುಲಿದ ಸಅದ್ ಬಿನ್ ಮುಆದ್(ರ)ರನ್ನು ರುಫೈದಾ(ರ) ಎಂಬ ಮಹಿಳೆಯ ಬಳಿಗೆ ಕರೆದೊಯ್ಯಲಾಯಿತು, ಆಕೆ ಗಾಯಾಳುಗಳಿಗೆ ಚಿಕಿತ್ಸೆ ನೀಡುತ್ತಿದ್ದರು ಎಂದು ಹದೀಸ್‌ನಲ್ಲಿದೆ. ಹೀಗಿದ್ದೂ ನಮ್ಮ ಕೆಲವು ಮನೆಗಳಲ್ಲಿ "ಮಗಳು ನರ್ಸ್" ಎನ್ನಲು ಇಂದಿಗೂ ಹಿಂಜರಿಕೆ ಇದೆ. ಇರಲಿ, ವಿಷಯಕ್ಕೆ ಬರೋಣ.

1965ರಲ್ಲಿ ಅಮೆರಿಕ ಸರ್ಕಾರವು ಮೆಡಿಕೇರ್ ಮತ್ತು ಮೆಡಿಕೇಡ್ ಎಂಬ ಎರಡು ಯೋಜನೆಗಳಿಗೆ ಕಾನೂನು ತಂದಿತು. ಮೊದಲನೆಯದು ವೃದ್ಧರಿಗೆ, ಎರಡನೆಯದು ಬಡವರಿಗೆ. ಲಕ್ಷಾಂತರ ಜನರಿಗೆ ಚಿಕಿತ್ಸೆಯ ಹಕ್ಕು ದೊರೆಯಿತಾದರೂ ನೋಡುವ ವೈದ್ಯರು ಸಾಲದಾದರು. ಯುವ ವೈದ್ಯರು ತಜ್ಞರಾಗಿ ಪಟ್ಟಣ ಸೇರುತ್ತಿದ್ದರು. ಹಳ್ಳಿಗಾಡಿನಲ್ಲಿ ಉಳಿದಿದ್ದವರು ಸಾರ್ವಜನಿಕ ಆರೋಗ್ಯ ದಾದಿಯರು. ಈ ಕಥೆ ನಮಗೆ ಅಪರಿಚಿತವೇನಲ್ಲ.

ಅದೇ ವರ್ಷ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ದಾದಿ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಮೊದಲ ನರ್ಸ್ ಪ್ರಾಕ್ಟೀಷನರ್ ತರಬೇತಿಯನ್ನು ಆರಂಭಿಸಿದರು. ಫೋರ್ಡ್ ಅವರ ಓದಿನ ಹಾದಿಯನ್ನು ಗಮನಿಸಿ. 1920ರಲ್ಲಿ ಜನಿಸಿದ ಆಕೆ ಕಲಿತದ್ದು ಮೊದಲು ಆಸ್ಪತ್ರೆಯೊಂದರ ಡಿಪ್ಲೊಮಾ. ಎರಡನೆಯ ಮಹಾಯುದ್ಧದಲ್ಲಿ ಸೇನೆಯ ದಾದಿಯಾಗಿದ್ದು, ಆನಂತರ ಪದವಿ, ಸ್ನಾತಕೋತ್ತರ ಪದವಿ, 1961ರಲ್ಲಿ ಡಾಕ್ಟರೇಟ್ ಪಡೆದರು. ಕೊಲೊರಾಡೊದ ಹಳ್ಳಿಗಳಲ್ಲಿ ಕೆಲಸ ಮಾಡಿದ ಅನುಭವ ಅವರಿಗಿತ್ತು. ಆರೋಗ್ಯವಂತ ಮಗುವಿನ ತಪಾಸಣೆ, ಬೆಳವಣಿಗೆಯ ಪರಿಶೀಲನೆ, ಸಾಮಾನ್ಯ ಕಾಯಿಲೆಗಳ ಆರೈಕೆಯನ್ನು ಸರಿಯಾಗಿ ಕಲಿತ ದಾದಿ ಸ್ವಂತ ತೀರ್ಮಾನದಿಂದಲೇ ಮಾಡಬಲ್ಲಳೆಂದು ಅವರು ನಂಬಿದ್ದರು.

ವಿರೋಧ ಎರಡು ಕಡೆಯಿಂದ ಬಂತು. ವೈದ್ಯರು ಆಕ್ಷೇಪಿಸಿದ್ದು ಸಹಜ. ಆದರೆ ನರ್ಸಿಂಗ್ ಪ್ರಾಧ್ಯಾಪಕಿಯರೂ ಎದುರು ನಿಂತರು! ದಾದಿಯರನ್ನು ವೈದ್ಯಕೀಯದ ಕಡೆಗೆ ಸೆಳೆದೊಯ್ಯುವ ಹುನ್ನಾರವಿದು ಎಂಬುದು ಮಾರ್ಥಾ ರೋಜರ್ಸ್ ಅವರಂಥ ಹೆಸರಾಂತ ವಿದ್ವಾಂಸೆಯ ವಾದವಾಗಿತ್ತು. ಹೀಗಾಗಿ ಸ್ನಾತಕೋತ್ತರ ಶಿಕ್ಷಣವಾಗಬೇಕೆಂದು ಫೋರ್ಡ್ ಬಯಸಿದ್ದ ಈ ತರಬೇತಿ ಮೊದಲಿಗೆ ನಡೆದದ್ದು ಕೆಲವೇ ತಿಂಗಳ ಪಾಠದ ಸರ್ಟಿಫಿಕೇಟ್ ಕೋರ್ಸಾಗಿ. ಮುಂದಿನ ವರ್ಷಗಳಲ್ಲಿ ಅಂಥ ಕೋರ್ಸುಗಳು ದೇಶದ ತುಂಬ ಎದ್ದವು, ಒಂದರ ಮಟ್ಟ ಇನ್ನೊಂದಕ್ಕಿರಲಿಲ್ಲ. ಫೋರ್ಡ್ ತಮ್ಮ ಪಟ್ಟು ಬಿಡಲಿಲ್ಲ. 1972ರಲ್ಲಿ ರೋಚೆಸ್ಟರ್ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆಗೆ ಮೊದಲ ಡೀನ್ ಆಗಿ ಹೋದವರು, ಪಾಠ ಹೇಳುವವರು ರೋಗಿಗಳನ್ನೂ ನೋಡಿಕೊಳ್ಳಬೇಕೆಂಬ ವ್ಯವಸ್ಥೆಯನ್ನು ಅಲ್ಲಿ ರೂಢಿಗೆ ತಂದರು. ನನ್ನ ದೃಷ್ಟಿಯಲ್ಲಿ ಅವರ ದೊಡ್ಡ ಕೊಡುಗೆ ಇದೇ. 2025ರ ಜನವರಿಯಲ್ಲಿ, 104ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಮಕ್ಕಳಿಂದ ಆರಂಭವಾದ ಕೆಲಸ ಬೇಗನೇ ವಯಸ್ಕರಿಗೂ ಕುಟುಂಬಗಳಿಗೂ ವಿಸ್ತರಿಸಿತು. ದಾದಿಯ ಕೈಯಲ್ಲಿ ರೋಗಿ ಕ್ಷೇಮವೇ ಎಂಬ ಪ್ರಶ್ನೆಗೆ ವಾದದಿಂದ ಉತ್ತರ ಸಿಗುವಂತಿರಲಿಲ್ಲ. ಪರೀಕ್ಷೆಯೇ ಆಗಬೇಕಿತ್ತು. ಕೆನಡಾದ ಬರ್ಲಿಂಗ್ಟನ್ ಎಂಬ ಊರಿನಲ್ಲಿ 1,598 ಕುಟುಂಬಗಳನ್ನು ಚೀಟಿ ಎತ್ತಿದಂತೆ ಹಂಚಿ, ಕೆಲವರನ್ನು ವೈದ್ಯರಿಗೂ ಕೆಲವರನ್ನು ನರ್ಸ್ ಪ್ರಾಕ್ಟೀಷನರಿಗೂ ಒಪ್ಪಿಸಲಾಯಿತು. ಒಂದು ವರ್ಷದ ಬಳಿಕ ಎರಡೂ ಗುಂಪುಗಳ ಆರೋಗ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ದಾದಿಯರ ಬಳಿಗೆ ಬಂದವರಲ್ಲಿ ನೂರಕ್ಕೆ 67 ಭೇಟಿಗಳನ್ನು ಅವರು ವೈದ್ಯರ ಸಹಾಯವಿಲ್ಲದೆಯೇ ನಿರ್ವಹಿಸಿದ್ದರು. ವರದಿ 1974ರಲ್ಲಿ ಪ್ರಕಟವಾಯಿತು. ಇದರಲ್ಲೊಂದು ತಮಾಷೆಯೂ ಇದೆ: ರೋಗಿಗಳು ಸಂತುಷ್ಟರಾದರೂ ಆ ಚಿಕಿತ್ಸಾಲಯದ ಆದಾಯ ಇಳಿಯಿತು, ಏಕೆಂದರೆ ದಾದಿಯ ಸೇವೆಗೆ ಬಿಲ್ ಮಾಡಲು ಅವಕಾಶವೇ ಇರಲಿಲ್ಲ.

ವಯಸ್ಕ ರೋಗಿಗಳ ಮೇಲಿನ ಪ್ರಸಿದ್ಧ ಅಧ್ಯಯನ ನ್ಯೂಯಾರ್ಕಿನದು. ಮೇರಿ ಮಂಡಿಂಗರ್ ಮತ್ತು ಸಂಗಡಿಗರು 1,316 ರೋಗಿಗಳ ಮೇಲೆ ನಡೆಸಿದ ಇದು 2000ದಲ್ಲಿ ಪ್ರಕಟವಾಯಿತು. ಆರು ತಿಂಗಳ ಬಳಿಕ ಉಬ್ಬಸ, ಸಕ್ಕರೆ ಕಾಯಿಲೆಗಳಲ್ಲಿ ಫಲಿತಾಂಶ ಸಮಸಮ. ರಕ್ತದೊತ್ತಡದ ಕೆಳಗಿನ ಅಂಕಿ ದಾದಿಯರ ರೋಗಿಗಳಲ್ಲಿ ತುಸು ಉತ್ತಮವಾಗಿಯೇ ಇತ್ತು.

ಅಷ್ಟರಲ್ಲಿ ಸರ್ಟಿಫಿಕೇಟ್ ಕಾಲ ಮುಗಿದಿತ್ತು. 2003ರಿಂದ ಮೆಡಿಕೇರ್ ಹಣ ಪಡೆಯಲು ಹೊಸದಾಗಿ ಅರ್ಜಿ ಹಾಕುವ ನರ್ಸ್ ಪ್ರಾಕ್ಟೀಷನರಿಗೆ ಸ್ನಾತಕೋತ್ತರ ಪದವಿ ಕಡ್ಡಾಯವಾಯಿತು. ಪಠ್ಯದ ಬೆನ್ನೆಲುಬು ಮೂರು ವಿಷಯಗಳು: ರೋಗ ದೇಹವನ್ನು ಕೆಡಿಸುವ ಬಗೆ, ರೋಗಿಯ ಸಮಗ್ರ ತಪಾಸಣೆ, ಔಷಧಶಾಸ್ತ್ರ. ಜೊತೆಗೆ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡುವ ತರಬೇತಿ. ಬಹುಕಾಲ ಇದು ಕನಿಷ್ಠ 500 ಗಂಟೆ ಇತ್ತು, 2022ರ ಮಾನದಂಡ ಅದನ್ನು 750ಕ್ಕೇರಿಸಿತು. ವೃದ್ಧರ ಸಂಖ್ಯೆ ಏರುತ್ತಿದ್ದುದರಿಂದ 2008ರ ಒಪ್ಪಂದವು ವಯಸ್ಕರ ಮತ್ತು ವೃದ್ಧರ ವಿಭಾಗಗಳನ್ನು ಒಂದುಗೂಡಿಸಿತು. ಈಗ ಆ ಪದವೀಧರೆ ಹದಿಹರೆಯದವರಿಂದ ಹಣ್ಣು ಮುದುಕರವರೆಗೆ ನೋಡುತ್ತಾಳೆ. ಚಿಕಿತ್ಸಾಲಯದ ಕೆಲಸ ಬೇಕೋ, ತೀವ್ರ ಕಾಯಿಲೆಯವರ ಆರೈಕೆ ಬೇಕೋ ಎಂಬುದನ್ನು ಓದುವಾಗಲೇ ಆರಿಸಿಕೊಳ್ಳಬೇಕು.

ವಿವಾದ ಮುಗಿದಿದೆ ಎಂದುಕೊಳ್ಳಬೇಡಿ. ಅಮೆರಿಕದ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಇವರು ವೈದ್ಯರ ಸಹಿ ಇಲ್ಲದೆ ಔಷಧ ಬರೆಯಬಹುದು, ಉಳಿದೆಡೆ ನಿರ್ಬಂಧಗಳಿವೆ. ವೈದ್ಯರ ವರ್ಷಗಟ್ಟಲೆ ತರಬೇತಿಯೆದುರು 750 ಗಂಟೆ ಎಷ್ಟರದು ಎಂದು ವೈದ್ಯರ ಸಂಘಗಳು ಕೇಳುತ್ತವೆ. ಅದು ತಳ್ಳಿಹಾಕುವ ಮಾತಲ್ಲ. ಮೇಲಿನ ಅಧ್ಯಯನಗಳು ನಡೆದದ್ದು ಸಾಮಾನ್ಯ ಚಿಕಿತ್ಸೆಯ ಮಟ್ಟದಲ್ಲಿ. ಅವುಗಳಿಂದ ಎಲ್ಲ ಕಾಯಿಲೆಗಳಿಗೂ ತೀರ್ಮಾನ ಎಳೆಯಲಾಗದು.

ನಮ್ಮ ದೇಶದಲ್ಲಿ ನರ್ಸಿಂಗ್ ಪದವಿ ಶಿಕ್ಷಣ 1946ರಲ್ಲಿ ದಿಲ್ಲಿ ಮತ್ತು ವೆಲ್ಲೂರಿನಲ್ಲಿ ಮೊದಲಾಯಿತು. ಸ್ನಾತಕೋತ್ತರ ಶಿಕ್ಷಣ 1959ರಲ್ಲಿ ದಿಲ್ಲಿಯಲ್ಲಿ. ರೋಗಿಯ ಬಳಿಯಲ್ಲೇ ಕಲಿಯುವ ಸ್ನಾತಕೋತ್ತರ ಕ್ರಮಕ್ಕೆ ಮತ್ತೆ ಐದೂವರೆ ದಶಕ ಕಾಯಬೇಕಾಯಿತು: 2016ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ತುರ್ತು ನಿಗಾ ವಿಭಾಗದ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ರೆಸಿಡೆನ್ಸಿ ಕೋರ್ಸನ್ನು ರೂಪಿಸಿತು. ಬಿ.ಎಸ್ಸಿ. ನರ್ಸಿಂಗ್ ಜೊತೆಗೆ ರೋಗಿಗಳ ಆರೈಕೆಯಲ್ಲಿ, ಸಾಧ್ಯವಾದರೆ ತುರ್ತು ನಿಗಾ ಘಟಕದಲ್ಲಿ, ಕೆಲಸ ಮಾಡಿದ ಅನುಭವ ಇದಕ್ಕೆ ಬೇಕು. ಅಮೆರಿಕದವಳಂತೆ ಸ್ವತಂತ್ರ ಚಿಕಿತ್ಸಾಲಯ ತೆರೆಯುವ ಪದವಿ ಇದಲ್ಲ, ಕೆಲಸ ಆಸ್ಪತ್ರೆಯೊಳಗೆ, ನಿಗದಿತ ನಿಯಮಾವಳಿಗೆ ಒಳಪಟ್ಟು. ಸೇರಬಯಸುವ ವಿದ್ಯಾರ್ಥಿನಿಯರು ಕಾಲೇಜನ್ನು ಮೊದಲು ಎರಡು ಪ್ರಶ್ನೆ ಕೇಳಲಿ: ಕಲಿಸುವವರು ಸ್ವತಃ ರೋಗಿಗಳನ್ನು ನೋಡುತ್ತಾರೆಯೇ? ಹಿಂದೆ ಕಲಿತು ಹೋದವರು ಈಗ ಯಾವ ಹುದ್ದೆಯಲ್ಲಿ, ಯಾವ ಸಂಬಳಕ್ಕೆ ದುಡಿಯುತ್ತಿದ್ದಾರೆ?